ಹುಲ್ಲಿನ ಲಾರಿ ಬರುವ ಮೊದಲು

ಜನವರಿ ೮

ಮನೆಯವರಿಗೆ,

ನಿಮ್ಮ ಕಾಗದ ಬಂತು. ಕಾಗದವೆಂದರೆ ಏನು, ಮೂರು ಸಾಲು. ಕುಕ್ಕರಿನ ರಬ್ಬರು ಎಲ್ಲಿದೆ, ದೊಡ್ಡ ಚೂರಿ ಎಲ್ಲಿದೆ, ಉಳಿದಂತೆ ಕ್ಷೇಮ. ರಬ್ಬರು ಕುಕ್ಕರಿನ ಮುಚ್ಚಳದಲ್ಲೇ ಇದೆ, ಕನ್ನಡಕ ಹಾಕಿಕೊಂಡು ನೋಡಿ. ಚೂರಿ ನಿಮ್ಮ ಸ್ಪ್ಯಾನರ್ ಡಬ್ಬಿಯಲ್ಲಿದೆ. ಇಟ್ಟವರು ನೀವೇ.

ಫೋನು ಮಾಡಬೇಡಿ ಎಂದದ್ದಕ್ಕೆ ನೀವು ಮುಖ ಊದಿಸಿಕೊಂಡಿದ್ದೀರಿ ಎಂದು ಪಕ್ಕದ ಮನೆಯ ಮೇಷ್ಟ್ರ ಹೆಂಡತಿ ತಿಳಿಸಿದರು. ಜೀವಮಾನವೆಲ್ಲ ರಸ್ತೆ ರೋಲರ್ ಓಡಿಸಿ ನಿಮ್ಮ ಕಿವಿ ಮಂದವಾಗಿದೆ. ಅದಕ್ಕೆ ನಾನೇನೂ ಅನ್ನುವುದಿಲ್ಲ. ಆದರೆ ನಿಮಗೆ ಕೇಳಿಸದಿದ್ದರೆ ಜಗತ್ತಿಗೇ ಕೇಳಿಸುವುದಿಲ್ಲ ಎಂದುಕೊಂಡು ಕೂಗುತ್ತೀರಲ್ಲ! ಹೋದ ಸಲ ನೀವು 'ಹಲೋ' ಎಂದದ್ದಕ್ಕೆ ತಂಗಿಯ ನಾಯಿ ಮಂಚದ ಕೆಳಗೆ ಸೇರಿಕೊಂಡು ಸಂಜೆಯವರೆಗೆ ಹೊರಬರಲಿಲ್ಲ. ಕಾಗದದಲ್ಲಿ ಕೂಗಲು ಬರುವುದಿಲ್ಲ, ಅದಕ್ಕೇ ಕಾಗದ.

ತಂಗಿಯ ಕಾಲಿನ ಪ್ಲಾಸ್ಟರ್ ತೆಗೆದರು. ಕೋಲು ಹಿಡಿದು ಅಡುಗೆಮನೆಯವರೆಗೆ ಬರುತ್ತಾಳೆ, ಬಂದು ನನ್ನ ಅಡುಗೆಗೆ ಮೂಗು ಮುರಿಯುತ್ತಾಳೆ. ಎಂದರೆ ಗುಣವಾಗಿದ್ದಾಳೆ. ನಾನು ಬಂದ ಕೆಲಸ ಮುಗಿಯಿತು. ಯಾವಾಗ ಬರುತ್ತೀಯ ಎಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ.

ತಂಗಿಯ ಗಂಡ ಇಲ್ಲಿ ಹುಲ್ಲು ಬೆಳೆಸಿ ಮಾರುತ್ತಾರೆ ಎಂದು ನಿಮಗೆ ಗೊತ್ತು, ಅದನ್ನು ಹೇಳಿಕೊಂಡು ನಗುವವರೂ ನೀವೇ. ಮಣ್ಣಿನ ಸಮೇತ ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಚಾಪೆ ಸುತ್ತಿದ ಹಾಗೆ ಸುತ್ತಿ ಲಾರಿಗೆ ಏರಿಸುತ್ತಾರೆ. ನಾನು ದಿನಾ ಬೆಳಗ್ಗೆ ಬರಿಗಾಲಲ್ಲಿ ಆ ಹುಲ್ಲಿನ ಮೇಲೆ ನಡೆಯುತ್ತೇನೆ. ನಡೆಯುವಾಗ ನಮ್ಮ ಅಂಗಳ ನೆನಪಾಗಿ ಮೈ ಉರಿಯುತ್ತದೆ. ಒಂದು ಕಡೆ ಗಂಟು ಗಂಟು ಹುಲ್ಲು, ಒಂದು ಕಡೆ ಕಳೆ, ನಡುವೆ ನೀವು ರೋಲರ್ ನಿಲ್ಲಿಸುತ್ತಿದ್ದ ಬೋಳು ಜಾಗ. ಬೇರೆ ಗಂಡಸರು ಮಧ್ಯಾಹ್ನದ ಊಟಕ್ಕೆ ಸೈಕಲ್ಲಿನಲ್ಲಿ ಬರುತ್ತಿದ್ದರು, ನೀವು ರೋಲರಿನಲ್ಲಿ. ನೀವು ಗೇಟು ದಾಟುವಷ್ಟರಲ್ಲಿ ಊಟ ಆರಿರುತ್ತಿತ್ತು, ನಾನು ನೆಟ್ಟ ಗುಲಾಬಿ ನೆಲಕ್ಕೆ ಅಂಟಿರುತ್ತಿತ್ತು. ಒಂದಲ್ಲ, ನೆಟ್ಟದ್ದೆಲ್ಲ.

ಈಗ ಕೇಳಿ. ತಂಗಿ ಮತ್ತು ಅವಳ ಗಂಡ ನನಗೆ ಒಂದು ಲಾರಿ ಹುಲ್ಲು ಉಡುಗೊರೆ ಕೊಡುತ್ತಿದ್ದಾರೆ. ಮಾರ್ಚ್ ೨೫ಕ್ಕೆ ಲಾರಿ ಹೊರಡುತ್ತದೆ, ಅದರಲ್ಲೇ ನಾನೂ ಬರುತ್ತೇನೆ. ಕತ್ತರಿಸಿದ ಹುಲ್ಲು ಕಾಯುವುದಿಲ್ಲ, ಬಂದ ದಿನವೇ ನೆಲಕ್ಕೆ ಹಾಸಬೇಕು. ಅಂಗಳ ಸಿದ್ಧವಿರದಿದ್ದರೆ ಲಾರಿ ಹಾಗೇ ತಿರುಗುತ್ತದೆ. ಮುಂದಿನ ಸೀಟಿನಲ್ಲಿ ನಾನೂ ಕೂತಿರುತ್ತೇನೆ. ತಮಾಷೆಗೆ ಬರೆಯುತ್ತಿಲ್ಲ.

ಮಾಡಬೇಕಾದದ್ದು ಇಷ್ಟು. ಹಳೆ ಹುಲ್ಲು, ಕಳೆ ಬೇರುಸಮೇತ ತೆಗೆಯಬೇಕು. ಕಲ್ಲು ಆಯಬೇಕು. ಒಂದು ಗೇಣು ಅಗೆದು ಸಡಿಲ ಮಾಡಿ ಹಳೆ ಗೊಬ್ಬರ ಬೆರೆಸಿ, ಮನೆಯ ಕಡೆಯಿಂದ ಗೇಟಿನ ಕಡೆಗೆ ತುಸು ಇಳಿಜಾರು ಬರುವಂತೆ ಹರವಬೇಕು. ಕೊನೆಗೆ ಒಂದು ಪೀಪಾಯಿಗೆ ಅರ್ಧ ನೀರು ತುಂಬಿ ಕೈಯಲ್ಲೇ ಎಳೆದು ಒಂದು ಸಲ ಹಗುರವಾಗಿ ಉರುಳಿಸಬೇಕು. 'ಹಗುರವಾಗಿ' ಎಂಬುದರ ಕೆಳಗೆ ಗೆರೆ ಎಳೆದಿದ್ದೇನೆ, ಗಮನಿಸಿ.

ಇತಿ,
ಸದ್ಯಕ್ಕೆ ನಿಮ್ಮವಳು


ಜನವರಿ ೧೬

ಮನೆಯಾಕೆಗೆ,

ರಬ್ಬರು ಸಿಕ್ಕಿತು. ಚೂರಿಯೂ ಸಿಕ್ಕಿತು.

ಅಂಗಳದ ವಿಷಯ. ನೆಲ ಹೇಗೆ ಮಾಡಬೇಕೆಂದು ನನಗೆ ಹುಲ್ಲಪ್ಪನಿಂದ ಪಾಠವೇ? ನನ್ನ ಷಡ್ಡಕನಾದ ಮಾತ್ರಕ್ಕೆ ನನಗೆ ಗುರುವಾಗಬೇಕೇ? ಈ ಕೈ ಹದ ಮಾಡಿದ ನೆಲದ ಮೇಲೆ ಇವತ್ತಿಗೂ ಬಸ್ಸುಗಳು ಓಡಾಡುತ್ತಿವೆ. ಅವನ ನೆಲದ ಮೇಲೆ ಏನು ಓಡಾಡುತ್ತದೆ? ನಾಯಿ. ಅದೂ 'ಹಲೋ' ಎಂದರೆ ಮಂಚದ ಕೆಳಗೆ ಓಡುವ ನಾಯಿ.

ಆದರೂ ನೀನು ಹೇಳಿದೆಯೆಂದು ಶುರು ಮಾಡಿದ್ದೇನೆ. ಮೂರು ದಿನದಿಂದ ಕಳೆ ಕೀಳುತ್ತಿದ್ದೇನೆ. ಕೊನ್ನಾರಿಗಡ್ಡೆ ಎಂಬ ಒಂದು ಕಳೆಯಿದೆ. ಮೇಲೆ ನೋಡಿದರೆ ಸಾಧು. ಕಿತ್ತರೆ ಕೆಳಗೊಂದು ಗಡ್ಡೆ, ಅದರ ಬಾಲ ಹಿಡಿದು ಹೋದರೆ ಇನ್ನೊಂದು, ಅದಕ್ಕೆ ಮತ್ತೊಂದು. ನಿನ್ನ ತವರಿನ ನೆಂಟರ ಹಾಗೆ. (ಇದು ತಮಾಷೆಗೆ.) ಮೇಷ್ಟ್ರು ಕಾಂಪೌಂಡಿನ ಮೇಲೆ ಕೂತು, "ಅಲ್ಲೊಂದು ಬಿಟ್ರಿ, ಇಲ್ಲೊಂದು ಬಿಟ್ರಿ" ಅಂತ ತೋರಿಸುತ್ತಾರೆ. ಇಳಿದು ಬಂದು ಕೀಳಿ ಅಂದರೆ ಮಂಡಿನೋವಂತೆ. ಗೋಡೆ ಹತ್ತುವಾಗ ಆ ಮಂಡಿ ಎಲ್ಲಿಗೆ ಹೋಗಿರುತ್ತದೋ!

ಅಗೆಯುವಾಗ ನಿನ್ನ ಒಂದು ಚಮಚ, ಒಂದು ಕಾಲಿನ ಚಪ್ಪಲಿ, ಒಂದು ಗುಲಾಬಿ ಗಿಡದ ಬುಡ ಸಿಕ್ಕವು. ಬುಡ ಚಪ್ಪಟೆಯಾಗಿತ್ತು. ಚಮಚ ತೊಳೆದಿಟ್ಟಿದ್ದೇನೆ.

ಇತಿ,
ನಿನ್ನ ಯಜಮಾನ

ದೊಡ್ಡ ಅಕ್ಷರ ಬರೆದದ್ದು ಕೂಗಿದ್ದಲ್ಲ. ನನ್ನ ಅಕ್ಷರವೇ ಹಾಗೆ.


ಜನವರಿ ೨೭

ಮನೆಯವರಿಗೆ,

ಕಳೆ ಕಿತ್ತದ್ದು ಓದಿ ಸಂತೋಷವಾಯಿತು. ನಮ್ಮ ನೆಂಟರ ಮಾತನ್ನು ತಂಗಿಗೆ ಓದಿ ಹೇಳಲಿಲ್ಲ. ಅವಳ ಕೈಯಲ್ಲಿ ಕೋಲಿದೆ.

ಕಲ್ಲು ಆಯುವಾಗ ಬಗ್ಗಿ ಸೊಂಟ ಹಿಡಿಸಿಕೊಳ್ಳಬೇಡಿ, ಮಣೆ ಹಾಕಿಕೊಂಡು ಕೂತು ಆಯಿರಿ. ನಾನು ಇಲ್ಲಿ ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತಿದ್ದೇನೆ. ಕಿಟಕಿಯ ಪಕ್ಕ ಮೆಷಿನ್ನು, ಎದುರಿಗೆ ಹುಲ್ಲು. ಯಾರೂ ಕೂಗುವುದಿಲ್ಲ. ಮೊದಲೆರಡು ವಾರ ಹಾಯೆನಿಸಿತು.

ಗುಲಾಬಿಯ ಬುಡ ಎಸೆದಿರಾ?

ಇತಿ,
ನಿಮ್ಮವಳು


ಫೆಬ್ರವರಿ ೨೦

ಮನೆಯಾಕೆಗೆ,

ಮುಗಿಯಿತು! ಲಾರಿ ಬರಲು ಇನ್ನೂ ಒಂದು ತಿಂಗಳಿರುವಾಗಲೇ ಮುಗಿಯಿತು! ಹುಲ್ಲಪ್ಪನಿಗೆ ಈ ಕಾಗದ ಗಟ್ಟಿಯಾಗಿ ಓದಿ ಹೇಳು.

ನೀನು ಹೇಳಿದ್ದೆಲ್ಲ ಮಾಡಿದೆ. ಕಲ್ಲು ಆಯ್ದೆ, ಒಂದು ಗೇಣು ಅಗೆದೆ, ಗೊಬ್ಬರ ಬೆರೆಸಿದೆ. ಆಮೇಲೆ ನೋಡುತ್ತೇನೆ, ಅಂಗಳವೆಲ್ಲ ಬೊದಬೊದ! ಕಾಲಿಟ್ಟರೆ ಒಳಗೆ ಇಳಿಯುತ್ತದೆ. ಇಂಥ ನೆಲ ಬಿಟ್ಟು ಬಂದಿದ್ದರೆ ನಮ್ಮ ಇಲಾಖೆಯಲ್ಲಿ ಮೆಮೊ ಕೊಡುತ್ತಿದ್ದರು. ಆ ಪೀಪಾಯಿ ಎಳೆದು ನೋಡಿದೆ. ನೆಲಕ್ಕೆ ಕಚಗುಳಿ ಇಟ್ಟಂತಾಯಿತು ಅಷ್ಟೆ. ನಾನಿರುವಾಗ ನಿನ್ನ ಅಂಗಳಕ್ಕೆ ಪೀಪಾಯಿಯೇ? ನನಗೆ ಅವಮಾನವಾಯಿತು.

ನನ್ನ ಜಾಗಕ್ಕೆ ಬಂದ ಡ್ರೈವರನಿಗೆ ಒಂದು ಮಾತು ಹೇಳಿದೆ. ಭಾನುವಾರ ರೋಲರ್ ತಂದ. ನನ್ನನ್ನು ನೋಡಿ ಸೀಟು ಬಿಟ್ಟುಕೊಟ್ಟ, ಒಳ್ಳೆಯ ಮನುಷ್ಯ. ಮಣ್ಣನ್ನು ಪದರ ಪದರವಾಗಿ ಹರವಿ, ನೀರು ಚಿಮುಕಿಸಿ, ಹೆದ್ದಾರಿಗೆ ಹೊಡೆಯುವ ಹಾಗೆ ಹೊಡೆದೆ. ಇಳಿಜಾರು ಎಂಥದ್ದು ಗೊತ್ತೇ? ಗೋಡೆಯ ಬುಡದಲ್ಲಿ ಗೋಲಿ ಬಿಟ್ಟರೆ ಒಂದೇ ವೇಗದಲ್ಲಿ ಗೇಟಿನವರೆಗೆ ಸದ್ದಿಲ್ಲದೆ ಹೋಗುತ್ತದೆ. ಸದ್ದಿಲ್ಲ ಎಂಬುದನ್ನು ಮೇಷ್ಟ್ರ ಹತ್ತಿರ ಕೇಳಿ ಖಾತ್ರಿ ಮಾಡಿಕೊಂಡೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, "ಇಲ್ಲಿ ಬ್ಯಾಡ್ಮಿಂಟನ್ ಆಡಬಹುದಲ್ರೀ" ಅಂದರು. ಬೀದಿ ಕೊನೆಯವರು ಕಾರು ನಿಲ್ಲಿಸಲು ಕೇಳಿದರು, ಕೊಡಲಿಲ್ಲ. ನೀನು ಬಂದು ಈ ಅಂಗಳ ನೋಡಿದರೆ ಅಳುತ್ತೀಯ.

ಇತಿ,
ನಿನ್ನ ಯಜಮಾನ


ಫೆಬ್ರವರಿ ೨೬

ಮನೆಯವರಿಗೆ,

ಅಳಲು ನಾನು ಅಲ್ಲಿಯವರೆಗೆ ಬರಬೇಕಾಗಲಿಲ್ಲ.

ನೀವು ಹೇಳಿದಂತೆ ಗಟ್ಟಿಯಾಗಿ ಓದಿದೆ. ತಂಗಿಯ ಗಂಡ ನಕ್ಕು ನಕ್ಕು ನೀರು ನೆತ್ತಿಗೇರಿ ಅವರ ಬೆನ್ನು ತಟ್ಟಬೇಕಾಯಿತು. ತಂಗಿ ಕೋಲು ಬಿಟ್ಟು ನಕ್ಕಳು. ನನಗೆ ನಗು ಬರಲಿಲ್ಲ. ಹುಲ್ಲು ಹಾಸಲು ನೆಲ ಮಾಡಿ ಎಂದರೆ ನೀವು ರಸ್ತೆ ಮಾಡಿದ್ದೀರಿ. ಬೇರು ಎಲ್ಲಿಗೆ ಹೋಗಬೇಕು ಹೇಳಿ? ನೀರು ಎಲ್ಲಿಗೆ ಇಳಿಯಬೇಕು?

ನಂಬಿಕೆಯಿಲ್ಲದಿದ್ದರೆ ಪರೀಕ್ಷೆ ಮಾಡಿ. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ನೆಲಕ್ಕೆ ಕೈಯಲ್ಲಿ ಒತ್ತಿ. ಹಿಡಿಯವರೆಗೆ ಸಲೀಸಾಗಿ ಇಳಿಯಬೇಕು. ಒಂದು ಕೊಡ ನೀರು ಸುರಿದು ನೋಡಿ. ನಿಂತಲ್ಲೇ ಇಂಗಬೇಕು.

ಕಿವಿಯ ವಿಷಯಕ್ಕೆ ನಾನು ಯಾವತ್ತೂ ಬೇಸರ ಮಾಡಿಕೊಂಡಿಲ್ಲ. ಬೇಸರ ಬೇರೆಯದು. ಗುಲಾಬಿ ಬೇಕು ಎಂದು ಎಷ್ಟು ಸಲ ಹೇಳಿದ್ದೇನೆ! ನನ್ನ ಮಾತು ನಿಮ್ಮೊಳಗೆ ಇಳಿಯುವುದೇ ಇಲ್ಲ, ಮೇಲೆಯೇ ಹರಿದು ಗೇಟಿನಾಚೆ ಹೋಗುತ್ತದೆ.

ಲಾರಿಯ ದಿನ ಬದಲಾಗುವುದಿಲ್ಲ. ಬೇಸಿಗೆ ಮುಗಿಯುವವರೆಗೆ ಇಲ್ಲೇ ಇರು ಅಂತ ತಂಗಿ ಹೇಳುತ್ತಿದ್ದಾಳೆ. ನಾನು ಬೇಡ ಎನ್ನಲಿಲ್ಲ.

ಇತಿ,
ಹೊಲಿಗೆಯವಳು


ಮಾರ್ಚ್ ೩

ಮನೆಯಾಕೆಗೆ,

ಪರೀಕ್ಷೆ ಮಾಡಿದೆ. ಸ್ಕ್ರೂಡ್ರೈವರ್ ಬಗ್ಗಿತು. ಹಳದಿ ಹಿಡಿಯದು, ಒಳ್ಳೆಯದು.

ಕೊಡ ನೀರು ಸುರಿದೆ. ನನಗಿಂತ ಮೊದಲು ಗೇಟು ಮುಟ್ಟಿತು. ಮೇಷ್ಟ್ರು ಬಿಟ್ಟಿದ್ದ ಚಪ್ಪಲಿಯನ್ನೂ ಕರೆದುಕೊಂಡು ಹೋಯಿತು. ಒಂದು ಚಪ್ಪಲಿ ಇನ್ನೂ ಸಿಕ್ಕಿಲ್ಲ. ಅವರು ಗೋಡೆಯ ಮೇಲಿನಿಂದ ಏನೋ ಹೇಳಿದರು. ಈ ಸಲ ಕೇಳಿಸಲಿಲ್ಲ ಎಂದು ನಟಿಸಿದೆ.

ನಿನ್ನ ಕಾಗದದ ಗುಲಾಬಿಯ ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ಲಾರಿ ಕಳಿಸಬೇಡ ಎಂದು ಬರೆಯಲು ಕೂತೆ, ಬರೆಯಲಾಗಲಿಲ್ಲ. ಬುಡ ಎಸೆದಿಲ್ಲ. ನೀರಿನ ಡಬ್ಬಿಯಲ್ಲಿ ಇಟ್ಟಿದ್ದೇನೆ. ಚಿಗುರುವುದಿಲ್ಲ, ನನಗೂ ಗೊತ್ತು.

ಇತಿ,
ನಾನು


ಮಾರ್ಚ್ ೩

ಮಾನ್ಯ ಷಡ್ಡಕರಿಗೆ,

ನಾನು ಆರೋಗ್ಯವಾಗಿದ್ದೇನೆ. ತಾವೂ ಹಾಗೆಯೇ ಇದ್ದೀರೆಂದು ನಂಬುತ್ತೇನೆ. ನೀರು ನೆತ್ತಿಗೇರಿದ್ದು ಕೇಳಿ ದುಃಖವಾಯಿತು.

ಈ ಕಾಗದ ಬರೆಯಲು ಮೂರು ಸಲ ಕೂತು ಎದ್ದಿದ್ದೇನೆ ಎಂಬುದನ್ನು ತಾವು ಗಮನಿಸಬೇಕು. ವಿಷಯ ಇಷ್ಟೇ. ನೆಲವನ್ನು ಗಟ್ಟಿ ಮಾಡುವುದರ ಬಗ್ಗೆ ತಮಗೆ ಏನಾದರೂ ಸಂದೇಹವಿದ್ದರೆ ನನ್ನನ್ನು ಕೇಳಬಹುದು. ಗಟ್ಟಿಯಾದದ್ದನ್ನು ಸಡಿಲ ಮಾಡುವುದು ಹೇಗೆ ಎಂದು ನನಗೆ ಯಾರೂ ಕಲಿಸಿಲ್ಲ. ನಮ್ಮ ಕೆಲಸದಲ್ಲಿ ಅದರ ಅಗತ್ಯ ಬೀಳಲಿಲ್ಲ. ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿದೆ. ತಮಗೆ ಬಿಡುವಿದ್ದರೆ ನಾಲ್ಕು ಸಾಲು ಬರೆದು ತಿಳಿಸಬೇಕು.

ಅವಳು ಬರಲಿಲ್ಲವೆಂದರೆ ಈ ಅಂಗಳದಲ್ಲಿ ಬ್ಯಾಡ್ಮಿಂಟನ್ ಆಡಿಕೊಂಡು ನಾನೇನು ಮಾಡಲಿ? ಹೊರಗೊಂದು ರಸ್ತೆ ಇದ್ದೇ ಇದೆ, ಗೇಟಿನೊಳಗೆ ಇನ್ನೊಂದು ಏಕೆ?

ಈ ಕಾಗದದ ವಿಷಯ ನನ್ನ ಹೆಂಡತಿಗೆ ತಿಳಿಯಬಾರದು. ನಾನು ತಮ್ಮನ್ನು ಯಾವ ಹೆಸರಿನಿಂದ ಕರೆಯುತ್ತೇನೆಂದು ಅವಳು ಹೇಳಿದ್ದರೆ, ಅದು ಪ್ರೀತಿಯಿಂದ ಎಂದು ತಿಳಿಯತಕ್ಕದ್ದು.

ಇತಿ,
ತಮ್ಮ ಷಡ್ಡಕ


ಮಾರ್ಚ್ ೮

ಅಣ್ಣಾವ್ರಿಗೆ,

ನಿಮ್ಮ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಆಸೆಯಿತ್ತು. ಅತ್ತಿಗೆಗೆ ತಿಳಿಯಬಾರದು ಎಂದಿರಲ್ಲ, ಅದಕ್ಕೆ ಬಿಟ್ಟೆ.

ಗುದ್ದಲಿ ಕೆಳಗಿಡಿ. ಹಟದಿಂದ ಆಗುವ ಕೆಲಸ ಇದಲ್ಲ. ಮೊದಲು ನೀರು ಕೊಡಿ, ಆದರೆ ಸುರಿಯಬೇಡಿ. ಪೈಪಿಗೆ ಸಣ್ಣ ತೂತು ಮಾಡಿ ನೆಲದ ಮೇಲೆ ಹಾಕಿ, ರಾತ್ರಿಯೆಲ್ಲ ಜಿನುಗಲಿ. ಕೆಲವು ದಿನ ಹೀಗೆ ಮಾಡಿ. ಕೆಸರೂ ಅಲ್ಲದ, ಒಣಗಿಯೂ ಇಲ್ಲದ ಹದಕ್ಕೆ ಬಂದಾಗ ಹಲ್ಲಿನ ಸಲಿಕೆ ಚುಚ್ಚಿ ಹಿಂದಕ್ಕೆ ಮಣಿಸಿ. ನೆಲ ತಾನೇ ಬಿಟ್ಟುಕೊಡುತ್ತದೆ. ಗೊಬ್ಬರ ಇನ್ನೊಂದಿಷ್ಟು ಸೇರಿಸಿ. ಹಿಂದೆ ಹಿಂದೆ ನಡೆಯುತ್ತ ಕೆಲಸ ಮಾಡಿ, ಸಡಿಲ ಮಾಡಿದ್ದನ್ನು ನೀವೇ ತುಳಿಯಬೇಡಿ. ಓಡಾಡಲು ಹಲಗೆ ಹಾಕಿಕೊಳ್ಳಿ. ಪೀಪಾಯಿ ಒಂದೇ ಸಲ. ಎಲ್ಲ ಮುಗಿದ ಮೇಲೆ ಒಂದು ಹೆಜ್ಜೆ ಇಟ್ಟು ನೋಡಿ. ಹಿಮ್ಮಡಿ ಒಂದು ಬೆರಳಿನಷ್ಟು ಇಳಿದರೆ ಸರಿ. ಇಳಿಯಲಿಲ್ಲವೋ, ಇನ್ನೂ ಗಟ್ಟಿ. ಪಾದ ಮುಳುಗಿತೋ, ಪೀಪಾಯಿ ಸಾಲದು.

ಅತ್ತಿಗೆ ಬೆಳಗ್ಗೆ ಹುಲ್ಲಿನ ಮೇಲೆ ನಡೆದು ಬಂದವರು ನೇರ ಗೇಟಿಗೆ ಹೋಗುತ್ತಾರೆ. "ಪೋಸ್ಟ್‌ಮ್ಯಾನ್ ಈ ಕಡೆ ಬಂದ್ನಾ?" ಅಂತ ಕೇಳುತ್ತಾರೆ. ಅವನು ಬರುವುದು ಮಧ್ಯಾಹ್ನ ಎಂದು ಅವರಿಗೂ ಗೊತ್ತು. ಇದನ್ನು ನಾನು ಬರೆದಿಲ್ಲ.

ಇತಿ,
ಹುಲ್ಲಪ್ಪ


ಮಾರ್ಚ್ ೧೮

ಮನೆಯಾಕೆಗೆ,

ಅಂಗಳವನ್ನು ಮತ್ತೆ ಕೆಡಿಸಿದೆ. ಒಳ್ಳೆಯ ರೀತಿಯಲ್ಲಿ ಕೆಡಿಸಿದೆ. ಯಾರಿಂದ ಕಲಿತೆ ಎಂದು ಕೇಳಬೇಡ.

ನಾಲ್ಕು ರಾತ್ರಿ ನೀರು ಜಿನುಗಿಸಿದೆ. ಮೊದಲ ಎರಡು ದಿನ ಕುಡಿಯಲೇ ಇಲ್ಲ, ಹರಳೆಣ್ಣೆ ಕುಡಿಸಿದ ಹಾಗೆ ಮುಖ ತಿರುಗಿಸಿತು. ಮೂರನೆಯ ದಿನ ಒಂದು ಮೂಲೆ ಕಪ್ಪಾಯಿತು. ನಾನು ಅಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಆಮೇಲೆ ಹಲ್ಲಿನ ಸಲಿಕೆ ಚುಚ್ಚಿ ಮಣಿಸುತ್ತ ಹಿಂದೆ ಹಿಂದೆ ಬಂದೆ. ಇಷ್ಟು ವರ್ಷ ನಾನು ರೋಲರಿನಲ್ಲಿ ಮುಂದೆ ಹೋಗುತ್ತಿದ್ದೆ, ಮಾಡಿದ ಕೆಲಸ ಬೆನ್ನ ಹಿಂದೆ ಉಳಿಯುತ್ತಿತ್ತು. ಈಗ ಕಣ್ಣೆದುರೇ ಇರುತ್ತದೆ. ನಿನ್ನೆ ಒಂದು ಎರೆಹುಳ ಕಾಣಿಸಿತು. ಮೇಷ್ಟ್ರನ್ನು ಕರೆದು ತೋರಿಸಿದೆ. ನೋಡುವ ಅವಸರದಲ್ಲಿ ಅವರು ಗೋಡೆಯಿಂದ ಈ ಕಡೆಗೇ ಬಿದ್ದರು. ಪೆಟ್ಟಾಗಲಿಲ್ಲ, ನೆಲ ಮೆತ್ತಗಿತ್ತಲ್ಲ! ನನಗೆ ಎಷ್ಟು ಖುಷಿಯಾಯಿತು ಎಂದರೆ ಅವರನ್ನು ಎಬ್ಬಿಸುವುದೇ ಮರೆತೆ. ಅವರು ಬಿದ್ದ ಗುರುತನ್ನು ಕೆದಕಿ ಸರಿಮಾಡಿದ್ದೇನೆ.

ಪೀಪಾಯಿ ಒಂದು ಸಲ ಎಳೆದೆ. ಒಂದೇ ಸಲ. ಇನ್ನೊಂದು ಸಲಕ್ಕೆ ಕೈ ತುರಿಸುತ್ತಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಸಂಜೆ ರೋಲರ್ ಡ್ರೈವರ್ ಬೀದಿಯಲ್ಲಿ ನಿಲ್ಲಿಸಿ, "ಸಾರ್, ಒಂದ್ ರೌಂಡ್ ಹೊಡ್ಯೋಣ್ವಾ?" ಅಂದ. ಗೇಟಿಗೆ ಬೀಗ ಹಾಕಿದೆ. ಅವನಿಗಿಂತ ಹೆಚ್ಚಾಗಿ ನನ್ನ ಭಯಕ್ಕೆ.

ಹಿಮ್ಮಡಿಯ ಪರೀಕ್ಷೆಯೊಂದು ಬಾಕಿಯಿದೆ. ಹೆಜ್ಜೆ ಇಟ್ಟರೆ ಬೆರಳಿನಷ್ಟು ಇಳಿಯಬೇಕಂತೆ. ನನಗೆ ಧೈರ್ಯ ಬರುತ್ತಿಲ್ಲ. ನಾನು ಕಾಲಿಟ್ಟ ನೆಲವೆಲ್ಲ ಗಟ್ಟಿಯಾಗಿಯೇ ಅಭ್ಯಾಸ. ಹಲಗೆಯ ಮೇಲೆಯೇ ಓಡಾಡುತ್ತಿದ್ದೇನೆ.

ನನಗೆ ಕಿವಿ ಕೇಳಿಸುವುದಿಲ್ಲ, ಆದರೂ ಮನೆಯಲ್ಲಿ ಸದ್ದಿಲ್ಲ ಎಂದು ಗೊತ್ತಾಗುತ್ತದೆ. ಹೇಗೆ ಗೊತ್ತಾಗುತ್ತದೆ ಎಂದು ಮೇಷ್ಟ್ರನ್ನು ಕೇಳಿದೆ. ಅವರು ಒಳಗೆ ಹೋಗಿ ನನಗೊಂದು ಲೋಟ ಕಾಫಿ ತಂದು ಗೋಡೆಯ ಮೇಲಿಟ್ಟರು.

ನೀನು ಜನವರಿಯಲ್ಲಿ ಬರೆದಿದ್ದೆ, ಯಾವಾಗ ಬರುತ್ತೀಯ ಎಂದು ನಾನು ಕೇಳಲಿಲ್ಲ ಎಂದು. ಈಗ ಕೇಳುತ್ತಿದ್ದೇನೆ. ಹುಲ್ಲು ಬಂದರೂ ಸರಿ, ಬರದಿದ್ದರೂ ಸರಿ. ನೀನು ಬಾ.

ಇತಿ,
ನಿನ್ನವನು


ಏಪ್ರಿಲ್ ೧೦

ತಂಗಿಗೆ,

ಬಂದ ಮೇಲೆ ಕಾಗದ ಹಾಕಲಿಲ್ಲ ಎಂದು ಬೈಯಬೇಡ, ದಿನಕ್ಕೆರಡು ಹೊತ್ತು ಹುಲ್ಲಿಗೆ ನೀರು ಹಾಕುವುದರಲ್ಲೇ ಇದ್ದೇನೆ.

ಅವತ್ತು ಏನಾಯಿತು ಕೇಳು. ಲಾರಿ ಬೀದಿಯ ತಿರುವಿಗೆ ಬಂದಾಗಲೇ ನಿಮ್ಮ ಭಾವ ಗೇಟಿನ ಹತ್ತಿರ ನಿಂತದ್ದು ಕಾಣಿಸಿತು. ಇಸ್ತ್ರಿ ಹಾಕಿದ ಅಂಗಿ, ಕೈಗೆಲ್ಲ ಬೊಬ್ಬೆ. ಗೇಟಿನಿಂದ ಬಾಗಿಲವರೆಗೆ ಸಾಲಾಗಿ ಹಲಗೆ ಹಾಸಿದ್ದಾರೆ. ಅಂಗಳ ಕಪ್ಪಗೆ, ಹದವಾಗಿ, ಗೆರೆ ಎಳೆದ ಹಾಗೆ ಇಳಿಜಾರಾಗಿ ಮಲಗಿತ್ತು. ಏನಾದರೂ ಒಳ್ಳೆಯ ಮಾತು ಆಡೋಣವೆಂದು ಲಾರಿಯಿಂದ ಇಳಿದೆ. ಮೂರು ತಿಂಗಳ ಮೇಲೆ ಹೆಂಡತಿಯ ಮುಖ ನೋಡಿದ ಮನುಷ್ಯ ಮೊದಲು ಆಡಿದ ಮಾತು ಏನು ಗೊತ್ತೇ?

"ಕಾಲಿಡಬೇಡ!"

ಬೀದಿಯೆಲ್ಲ ತಿರುಗಿ ನೋಡಿತು. ಲಾರಿ ಡ್ರೈವರ್ ಬೆಚ್ಚಿ ರಿವರ್ಸ್ ಗೇರ್ ಹಾಕಿದ. "ಹಲಗೆ ಮೇಲೆ ಬಾ! ಹಲಗೆ ಮೇಲೆ!" ಅಂತ ಮತ್ತೆ ಕೂಗಿದರು. ನನಗೆ ಎಲ್ಲಿತ್ತೋ ಸಿಟ್ಟು. ನನ್ನ ಅಂಗಳ, ನನ್ನ ಹುಲ್ಲು, ನನಗೇ ಕಾಲಿಡಬೇಡ ಅಂತೀರಾ! ಚಪ್ಪಲಿ ಬಿಟ್ಟು, ಹಲಗೆ ದಾಟಿ, ಬೇಕೆಂದೇ ಮಣ್ಣಿನ ಮೇಲೆ ಬಲಗಾಲು ಊರಿದೆ.

ಹಿಮ್ಮಡಿ ಇಳಿಯಿತು.

ಅವರು ಓಡಿ ಬಂದು ಹಲಗೆಯ ಮೇಲೆ ಮಂಡಿಯೂರಿ ಕೂತರು. ಬೈಯುತ್ತಾರೆ ಎಂದುಕೊಂಡೆ. ನನ್ನ ಕಾಲು ಮೆಲ್ಲಗೆ ಎತ್ತಿಸಿ, ಗುರುತಿನೊಳಗೆ ತೋರುಬೆರಳು ಇಟ್ಟು ಅಳೆದರು. ಆಮೇಲೆ ತಲೆಯೆತ್ತಿ, "ಇಳೀತು ಕಣೇ" ಅಂದರು. ಎಷ್ಟು ಮೆತ್ತಗೆ ಅಂದರು ಎಂದರೆ ಲಾರಿ ಡ್ರೈವರನಿಗೆ ಕೇಳಿಸಲಿಲ್ಲ. ಇಷ್ಟು ಮೆತ್ತಗೆ ಮಾತಾಡಲು ಅವರಿಗೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

ಆಮೇಲೆ ಸಂಜೆಯವರೆಗೆ ಹುಲ್ಲು ಹಾಸಿದೆವು. ಇಟ್ಟಿಗೆ ಕಟ್ಟುವ ಹಾಗೆ ಒಂದರ ಸಂದಿಗೆ ಇನ್ನೊಂದರ ನಡು ಬರುವಂತೆ. ಮೇಷ್ಟ್ರು ಕೂಡ ಗೋಡೆಯಿಂದ ಇಳಿದು ಬಂದು ಸುರುಳಿ ಹೊತ್ತರು. ಮಂಡಿನೋವು ಅವತ್ತು ರಜೆ ಹಾಕಿತ್ತು. ನನ್ನ ಹೆಜ್ಜೆಯ ಗುರುತು ಮುಚ್ಚಲು ಅವರು ಒಂದು ಹಿಡಿ ಮಣ್ಣು ತಂದರೆ ನಿಮ್ಮ ಭಾವ ಕೈ ಹಿಡಿದು ನಿಲ್ಲಿಸಿ, "ಅದು ಹಾಗೇ ಇರ್ಲಿ" ಅಂದರು. ಮೇಷ್ಟ್ರು ತಮಗೇ ಕಿವಿ ಮಂದವಾಯಿತೇನೋ ಎಂಬಂತೆ ನೋಡಿದರು.

ಈಗ ದಿನಾ ಬೆಳಗ್ಗೆ ಹುಲ್ಲಿನ ಒಂದು ಮೂಲೆ ಎತ್ತಿ ಬೇರು ಬಿಟ್ಟಿತೇ ಅಂತ ನೋಡುತ್ತಾರೆ. ಎತ್ತಬೇಡಿ ಅಂತ ನಾನು ಕೂಗುತ್ತೇನೆ. ಹೌದು, ಈಗ ಕೂಗುವವಳು ನಾನು. ಇವತ್ತು ಎಳೆದರೂ ಮೂಲೆ ಮೇಲೇಳಲಿಲ್ಲ. ನೆಲ ಹಿಡಿದುಕೊಂಡಿದೆ.

ಡಬ್ಬಿಯಲ್ಲಿದ್ದ ಗುಲಾಬಿಯ ಬುಡ ಚಿಗುರಲಿಲ್ಲ. ಹೊಸದೊಂದು ತಂದು ಗೇಟಿನ ಪಕ್ಕ ನೆಟ್ಟಿದ್ದಾರೆ, ಸುತ್ತ ಕಬ್ಬಿಣದ ಬೇಲಿ ಹಾಕಿ. ರೋಲರ್ ಬಂದರೂ ಬಗ್ಗದಂಥ ಬೇಲಿ.

ಕಾಲು ಜೋಪಾನ.

ಇತಿ,
ನಿನ್ನ ಅಕ್ಕ

ಕೆಳಗಿನ ದೊಡ್ಡ ಅಕ್ಷರ ಅವರದು. ನಾನು ನೋಡಬಾರದಂತೆ, ಆಚೆ ತಿರುಗಿ ಕೂತಿದ್ದೇನೆ.

ಷಡ್ಡಕರಿಗೆ: ತಾವು ಬರುವಾಗ ಬರಿಗಾಲಲ್ಲಿ ಬರಬೇಕು. ಅಂಗಳ ಎಲ್ಲ ಕಡೆ ಸಮವಾಗಿದೆ. ಹಲಗೆ ಹಾಸಿದ್ದ ಜಾಗದ ಪಕ್ಕ ಮಾತ್ರ ಒಂದು ಸಣ್ಣ ತಗ್ಗು ಇದೆ, ಬೆಳಗ್ಗೆ ನೀರು ಹಾಕಿದರೆ ಅಲ್ಲಿ ಸ್ವಲ್ಪ ನಿಂತು ಆಮೇಲೆ ಇಂಗುತ್ತದೆ. ಅದನ್ನು ತುಂಬಿಸಿ ಎಂದು ಹೇಳಬೇಡಿ, ತುಂಬಿಸುವುದಿಲ್ಲ.